ಕರೆ ರಾತ್ರಿಯದು, ಡಾಕ್ಟರು ಮಂಗಳವಾರದವರು

ಸಹಾಯವಾಣಿಯನ್ನು ವಿಸ್ತರಿಸುತ್ತೇವೆ ಎಂದು ಸರ್ಕಾರ ಹೇಳಿದಾಗಲೆಲ್ಲ ಅರ್ಥ ಹೆಚ್ಚುಕಡಿಮೆ ಒಂದೇ. ಕರೆ ಎತ್ತಲು ಇನ್ನಷ್ಟು ಜನ, ಇನ್ನೊಂದೆರಡು ಭಾಷೆ, ಒಂದು ಆ್ಯಪ್, ಕೈಗೂಡಿದರೆ ವಿಡಿಯೊ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ಗೆ ಇವೆಲ್ಲ ಒಂದೊಂದಾಗಿ ಬಂದಿವೆ. 2022ರ ಫೆಬ್ರುವರಿಯ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆ, ಅದೇ ವರ್ಷ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಾಲನೆ. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ, ತಂತ್ರಜ್ಞಾನದ ಹೊಣೆ ಬೆಂಗಳೂರಿನದೇ ಐಐಐಟಿಯದು. 14416 ಒತ್ತಿದರೆ ಹಗಲು ರಾತ್ರಿ ಉಚಿತ. 20 ಭಾಷೆಗಳು, ದೇಶದಾದ್ಯಂತ 50ಕ್ಕೂ ಹೆಚ್ಚು ಕೇಂದ್ರಗಳು. 2024ರ ಅದೇ ದಿನ ಆ್ಯಪ್ ಬಂತು. ವಿಡಿಯೊ ಸಮಾಲೋಚನೆ ಮೊದಲು ಶುರುವಾದ ಮೂರು ಕಡೆಗಳಲ್ಲಿ ಕರ್ನಾಟಕವೂ ಒಂದು. ಉಳಿದೆರಡು ತಮಿಳುನಾಡು ಮತ್ತು ಜಮ್ಮು-ಕಾಶ್ಮೀರ. 2025ರಲ್ಲಿ ಒಟ್ಟು ಕರೆಗಳು 20 ಲಕ್ಷ ದಾಟಿದವು.

ಇದು ಸಣ್ಣ ಸಾಧನೆಯಲ್ಲ. ಮನಸ್ಸಿನ ಕಾಯಿಲೆ ಎಂದರೆ ಬೆಂಗಳೂರಿನಲ್ಲಿ ‘ನಿಮ್ಹಾನ್ಸಿಗೆ ಹೋಗು’, ಆ ಕಡೆ ‘ಧಾರವಾಡಕ್ಕ ಕಳಸ್ಬೇಕು’ ಅಂತ ಗೇಲಿ ಮಾಡುವ ನಾಡಿನಲ್ಲಿ, ಹೆಸರು ಹೇಳದೆ ಮಾತಾಡಲು ಒಂದು ನಂಬರ್ ಇರುವುದೇ ದೊಡ್ಡದು. ನನ್ನ ತಕರಾರು ಫೋನಿನ ಬಗ್ಗೆ ಅಲ್ಲ. ಕರೆ ಮುಗಿದ ಮರುದಿನದ ಬಗ್ಗೆ. ಇಷ್ಟು ವರ್ಷ ವಿಸ್ತರಣೆ ನಡೆದದ್ದು ಫೋನಿನ ಈ ತುದಿಯಲ್ಲಿ, ಅಂದರೆ ಕರೆ ಸ್ವೀಕರಿಸುವ ಕಡೆ. ಕರೆ ಮಾಡಿದವರ ಊರಿನ ಕಡೆಗೆ ಅದು ಅಷ್ಟಾಗಿ ನಡೆದಿಲ್ಲ.

ಮೊದಲು ಯಾರು ಕರೆ ಮಾಡುತ್ತಾರೆ ನೋಡಿ. ದೇಶಮಟ್ಟದ ವರದಿಗಳ ಪ್ರಕಾರ ಹೆಚ್ಚಿನವರು 18ರಿಂದ 45ರ ವಯಸ್ಸಿನವರು, ಅರ್ಧಕ್ಕಿಂತ ತುಸು ಹೆಚ್ಚು ಗಂಡಸರು. ಹೇಳಿಕೊಳ್ಳುವುದು ಬೇಸರ, ನಿದ್ದೆ ಬಾರದಿರುವುದು, ಆತಂಕ, ಒತ್ತಡ. ಆತ್ಮಹತ್ಯೆಯ ಯೋಚನೆ ಬರುತ್ತಿದೆ ಎಂದು ಮಾಡಿದ ಕರೆಗಳು ನೂರಕ್ಕೆ ಮೂರಕ್ಕಿಂತ ಕಡಿಮೆ. ಹಾಗಾದರೆ ಇದನ್ನು ತುರ್ತು ಸಹಾಯವಾಣಿ ಎನ್ನಬೇಕೇ ಅಂತ ಕೇಳುವವರಿದ್ದಾರೆ. ಎನ್ನಬಹುದು. ಮೂರು ತಿಂಗಳಿಂದ ನಿದ್ದೆಯಿಲ್ಲದವನು ಈಗಲೇ ಮಾತಾಡಿದರೆ ಮುಂದೆ ಆ ಮೂರರ ಗುಂಪಿಗೆ ಸೇರದೇ ಇರಬಹುದು. ಇನ್ನೊಂದು ಮುಖವೂ ಇದೆ: ನಿಜಕ್ಕೂ ಕತ್ತಲಲ್ಲಿ ಇರುವವರು ಫೋನು ಎತ್ತಿಕೊಳ್ಳುವುದೇ ಅಪರೂಪ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರಲ್ಲಿ ಕರ್ನಾಟಕದಲ್ಲಿ ಆತ್ಮಹತ್ಯೆಯಿಂದ ಸತ್ತವರು 13,606 ಮಂದಿ. ದಿನಕ್ಕೆ 37 ಜನ. ದೇಶದಲ್ಲಿ ಆ ವರ್ಷ ಹೀಗೆ ಸತ್ತ 1,70,924 ಮಂದಿಯಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ದಿನಗೂಲಿಯವರು. ಇವರಲ್ಲಿ ಎಷ್ಟು ಮಂದಿಗೆ 14416 ಎಂಬ ಐದು ಅಂಕಿ ಗೊತ್ತಿತ್ತು?

ಈಗ ಒಂದು ಕರೆಯ ಹಾದಿ ಹಿಡಿಯೋಣ. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರಿಂದ ರಾತ್ರಿ ಹನ್ನೊಂದಕ್ಕೆ ಒಬ್ಬ ಹೆಂಗಸು ಕರೆ ಮಾಡಿದಳು ಅಂದುಕೊಳ್ಳಿ. ಗಂಡನ ಸಾಲ, ಮೂರು ವಾರದಿಂದ ಅವನು ಊಟ ಬಿಟ್ಟಿದ್ದಾನೆ, ಯಾರ ಜೊತೆಗೂ ಮಾತಿಲ್ಲ, ಇವತ್ತು ಮಕ್ಕಳನ್ನು ಕರೆದು ‘ಅವ್ವನ್ನ ಛಂದ ನೋಡ್ಕೊಳ್ರಿ’ ಅಂದ. ಅವಳಿಗೆ ಎದೆ ಡವಡವ. ಭಾಷೆ ಆರಿಸಿದ ಮೇಲೆ ಆಪ್ತಸಮಾಲೋಚಕಿಯೊಬ್ಬರು ಸಿಗುತ್ತಾರೆ. ತರಬೇತಿ ಪಡೆದವರು ಮೊದಲು ಸಮಾಧಾನದ ಮಾತಿಗೆ ಇಳಿಯುವುದಿಲ್ಲ. ಈಗ ಅವನು ಎಲ್ಲಿದ್ದಾನೆ, ಒಬ್ಬನೇ ಇದ್ದಾನಾ, ಹಿಂದೆ ಯಾವಾಗಾದರೂ ಪ್ರಯತ್ನ ಮಾಡಿದ್ದನಾ, ಕುಡಿದಿದ್ದಾನಾ, ಮನೆಯಲ್ಲಿ ಅಪಾಯದ ವಸ್ತುಗಳೇನಾದರೂ ಕೈಗೆ ಸಿಗುವ ಹಾಗಿವೆಯಾ ಅಂತ ಕೇಳುತ್ತಾರೆ. ಅಂಥವನ್ನು ಮನೆಯಿಂದಲೇ ಆಚೆ ಸಾಗಿಸಲು ಹೇಳುತ್ತಾರೆ, ರಾತ್ರಿ ಅವನೊಬ್ಬನನ್ನೇ ಬಿಡಬೇಡಿ ಅನ್ನುತ್ತಾರೆ, ನಂಬಿಕೆಯ ಅಣ್ಣನೋ ಮಾವನೋ ಇದ್ದರೆ ಕರೆಸಿಕೊಳ್ಳಿ ಅನ್ನುತ್ತಾರೆ. ಬೇಕಾದರೆ ಮನೋವೈದ್ಯರಿಗೆ ಕರೆ ದಾಟಿಸುತ್ತಾರೆ. ಅವಳು ಫೋನು ಇಡುವ ಹೊತ್ತಿಗೆ ಆ ರಾತ್ರಿ ದಾಟಲು ಒಂದು ದಾರಿ ಸಿಕ್ಕಿರುತ್ತದೆ. ಇಷ್ಟನ್ನು ಈ ವ್ಯವಸ್ಥೆ ಮಾಡಬಲ್ಲದು, ಮತ್ತು ಇದೇ ಒಂದು ಜೀವ ಉಳಿಸಬಲ್ಲದು.

ಬೆಳಗಾಯಿತು. ಮುಂದೆ?

ಕಾಗದದ ಮೇಲೆ ಎರಡನೇ ಹಂತ ಅಂತ ಒಂದಿದೆ. ಎದುರಾ ಎದುರು ತಪಾಸಣೆ ಬೇಕಾದವರನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ, ವೈದ್ಯಕೀಯ ಕಾಲೇಜಿಗೆ ಅಥವಾ ಸರ್ಕಾರದ ದೂರವೈದ್ಯ ಸೇವೆ ಇ-ಸಂಜೀವಿನಿಯ ವಿಡಿಯೊಗೆ ಕಳಿಸಬೇಕು. ಸಿಂಧನೂರಿನಿಂದ ರಾಯಚೂರಿಗೆ ಸುಮಾರು 80-90 ಕಿಲೋಮೀಟರ್. ಊಟವನ್ನೇ ಬಿಟ್ಟು ಮಲಗಿದ ಗಂಡಸನ್ನು ಬಸ್ಸು ಹತ್ತಿಸಿ ಅಷ್ಟು ದೂರ ಕರೆದೊಯ್ಯುವುದು ಎಂಥ ಕೆಲಸ ಅಂತ ಮನೆಯಲ್ಲಿ ಇಂಥವರನ್ನು ನೋಡಿಕೊಂಡವರಿಗೆ ಗೊತ್ತು. (ಶಕ್ತಿ ಯೋಜನೆಯಿಂದ ಅವಳಿಗೆ ಟಿಕೆಟ್ಟಿಲ್ಲ, ಅವನಿಗುಂಟು. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಕ್ಕರೂ ಬಸ್ಸಿನ ಖರ್ಚು ಒಂದು ಹೊರೆಯೇ.)

ಕರ್ನಾಟಕದ ಹತ್ತಿರ ಇದಕ್ಕೊಂದು ಉತ್ತರ ಮೊದಲೇ ಇದೆ, ಬಹಳ ರಾಜ್ಯಗಳಲ್ಲಿ ಇಲ್ಲದ್ದು. 2014ರಲ್ಲಿ ಶುರುವಾದ ಮನೋಚೈತನ್ಯ. ಪ್ರತಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಯೋಜನೆ. ಇಲಾಖೆಯವರು ಇದನ್ನು ‘ಸೂಪರ್ ಟ್ಯೂಸ್‌ಡೇ ಕ್ಲಿನಿಕ್’ ಅನ್ನುತ್ತಾರೆ. ಸರ್ಕಾರಿ ವೈದ್ಯರು ಸಾಲದ ಕಡೆ ಖಾಸಗಿ ಮನೋವೈದ್ಯರನ್ನೂ ಆ ಒಂದು ದಿನಕ್ಕೆ ಕರೆಸಿಕೊಳ್ಳಬಹುದು. ಯೋಜನೆ ಸರಳ, ಅಗ್ಗ, ಜನರಿಗೆ ನೆನಪಿಟ್ಟುಕೊಳ್ಳಲು ಸಲೀಸು. ಆದರೆ ಸಂಕಟ ಮಂಗಳವಾರಕ್ಕೆ ಕಾಯುವುದಿಲ್ಲ. ಬುಧವಾರ ರಾತ್ರಿ ಕರೆ ಮಾಡಿದವಳು ಆರು ದಿನ ಕಳೆಯಬೇಕು. ಆ ಆರು ದಿನ ಅವಳ ಜೊತೆ ಯಾರಿದ್ದಾರೆ ಎನ್ನುವುದೇ ಇಡೀ ಸಹಾಯವಾಣಿಯ ಪರೀಕ್ಷೆ. ಗುರುವಾರ, ಶನಿವಾರ, ಸೋಮವಾರ ಒಂದೊಂದು ಕರೆ ಆ ಕಡೆಯಿಂದಲೇ ಬಂದರೆ? ‘ನಾಳೆ ಡಾಕ್ಟರು ಬರ್ತಾರೆ, ಚೀಟಿ ಮಾಡಿಸೋಕೆ ಬೇಗ ಹೋಗಿ’ ಅಂತ ಹೇಳಿದರೆ? ಅವರು ಬಂದರೋ ಇಲ್ಲವೋ ಅಂತ ಬುಧವಾರ ಆಸ್ಪತ್ರೆಯಿಂದ 14416ಕ್ಕೆ ಮಾಹಿತಿ ವಾಪಸು ಹೋದರೆ? ವಿಸ್ತರಣೆ ಆಗಬೇಕಾದದ್ದು ಇಲ್ಲಿ.

ಇದು ನಮಗೆ ಹೊಸ ಪಾಠವೂ ಅಲ್ಲ. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಹಳ್ಳಿಗಳ ಮಾನಸಿಕ ಆರೋಗ್ಯ ಸೇವೆಯನ್ನು ಪ್ರಯೋಗಕ್ಕಿಟ್ಟದ್ದು ನಿಮ್ಹಾನ್ಸ್. ಅದನ್ನೇ 1985ರಿಂದ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ತರಬೇತಿ, ಆರೋಗ್ಯ ಕಾರ್ಯಕರ್ತೆಯರಿಗೆ ಗುರುತಿಸುವ ಕೆಲಸ, ಅಲ್ಲೇ ಔಷಧಿ, ಜಿಲ್ಲೆಯಲ್ಲಿ ಒಂದು ತಂಡದ ಉಸ್ತುವಾರಿ. 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂದು ದೇಶಕ್ಕೆ ಹೋದದ್ದು ಈ ಬಳ್ಳಾರಿ ಮಾದರಿಯೇ. ಮನೋವೈದ್ಯರ ಕೊರತೆಯಿರುವ ದೇಶದಲ್ಲಿ ಮನೆಗೆ ಹತ್ತಿರದ ಸಾಮಾನ್ಯ ಡಾಕ್ಟರೇ ಮೊದಲ ಡಾಕ್ಟರು ಎಂಬುದು ಅದರ ತಿರುಳು. ಕೊರತೆ ಈಗಲೂ ಇದೆ: ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಪೂರ್ತಿ ಸಿಗುವುದಿಲ್ಲ, 2019ರ ಅಂದಾಜು 0.75. ಕರ್ನಾಟಕದ ಸರಾಸರಿ ವಾಸಿ. ಆದರೆ ಆ ಸರಾಸರಿಯ ಬಹುಪಾಲು ಬೆಂಗಳೂರು, ಮೈಸೂರು, ಮಂಗಳೂರಿನ ಕ್ಲಿನಿಕ್ಕುಗಳಲ್ಲಿ ಕೂತಿದೆ.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ 12 ರಾಜ್ಯಗಳನ್ನು ನೋಡಿ, ವಯಸ್ಕರಲ್ಲಿ ಶೇ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆಯಿದೆ, ಕಾಯಿಲೆ ಯಾವುದು ಎಂಬುದರ ಮೇಲೆ ಅವರಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ತಲುಪಿಲ್ಲ ಎಂದಿತ್ತು. ತಮಾಷೆಯೆಂದರೆ ಆ ಹನ್ನೆರಡರಲ್ಲಿ ಕರ್ನಾಟಕವಿರಲಿಲ್ಲ. ಪೂರ್ವಸಿದ್ಧತೆಗೆ ಕೋಲಾರ ಜಿಲ್ಲೆಯನ್ನು ಮಾತ್ರ ಬಳಸಿಕೊಂಡಿದ್ದರು. ಅದೇ ಪ್ರಮಾಣವನ್ನು ನಮ್ಮ ರಾಜ್ಯಕ್ಕೆ ಹಿಡಿದರೆ 40 ಲಕ್ಷಕ್ಕೂ ಹೆಚ್ಚು ವಯಸ್ಕರು ಆ ಪಟ್ಟಿಗೆ ಬರುತ್ತಾರೆ. ಇವರನ್ನೆಲ್ಲ ಫೋನಿನಲ್ಲಿ ನೋಡಿಕೊಳ್ಳುತ್ತೇವೆ ಎಂದು ಯಾರೂ ಹೇಳುತ್ತಿಲ್ಲ, ನಿಜ. ಆದರೆ ತಾಲ್ಲೂಕಿನ ಹುದ್ದೆ ಖಾಲಿ ಬಿದ್ದಾಗ ‘14416 ಇದೆಯಲ್ಲ’ ಎನ್ನುವ ಉತ್ತರ ಬಹಳ ಸುಲಭವಾಗಿ ಬಾಯಿಗೆ ಬರುತ್ತದೆ.

ನಿಜವಾದ ತುರ್ತಿನ ಮಾತಿಗೆ ಬರೋಣ. ಆ ರಾತ್ರಿಯೇ ಯಾರಾದರೂ ಮನೆಗೆ ಹೋಗಬೇಕಾದ ಸ್ಥಿತಿ ಬಂದರೆ ಹೋಗುವವರು ಯಾರು? ಈಗ ಇರುವುದು 112 ಮತ್ತು 108. ಒಂದು ಪೊಲೀಸರದು, ಇನ್ನೊಂದು ಆಂಬುಲೆನ್ಸು. ಹಳ್ಳಿಯ ಮನೆಯ ಮುಂದೆ ರಾತ್ರಿ ಪೊಲೀಸ್ ಜೀಪು ನಿಂತರೆ ಬೆಳಿಗ್ಗೆ ಇಡೀ ಊರಿಗೆ ಸುದ್ದಿ. ಆ ಭಯಕ್ಕೇ ಎಷ್ಟೋ ಮನೆಯವರು ಕರೆ ಮಾಡುವುದಿಲ್ಲ. ಕಾನೂನು ಬದಲಾಗಿದೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ ಇಲ್ಲ. ಸರ್ಕಾರಿ ನೌಕರನನ್ನು ಬಗ್ಗಿಸಲು ಅಥವಾ ತಡೆಯಲು ಆತ್ಮಹತ್ಯೆಗೆ ಯತ್ನಿಸುವುದು ಮಾತ್ರ 226ರ ಅಡಿ ಅಪರಾಧವಾಗಿ ಉಳಿದಿದೆ. ಇಷ್ಟಾದರೂ ಕ್ಯಾಶುಯಾಲಿಟಿಯಲ್ಲಿ ‘ಎಂಎಲ್‌ಸಿ ಆಗುತ್ತೆ’ (ಪೊಲೀಸರಿಗೆ ತಿಳಿಸಬೇಕಾದ ಕೇಸು) ಅಂದ ಕೂಡಲೇ ಮನೆಯವರ ಮುಖ ಬಿಳಿಚುತ್ತದೆ, ‘ಏನಿಲ್ಲ ಸರ್, ಗೊತ್ತಾಗದೆ ಆಯ್ತು’ ಅನ್ನುತ್ತಾರೆ. ಕಾಯ್ದೆ ಪುಸ್ತಕದಲ್ಲಿ ಬದಲಾಗಿದೆ, ಆಸ್ಪತ್ರೆಯ ಹೊಸ್ತಿಲಲ್ಲಿ ಇನ್ನೂ ಇಲ್ಲ.

ಅಮೆರಿಕದಲ್ಲಿ 2022ರ ಜುಲೈನಲ್ಲಿ 988 ಎಂಬ ಮೂರಂಕಿಯ ಸಹಾಯವಾಣಿ ಶುರುವಾಯಿತು. ಅಲ್ಲಿನವರು ಆರಂಭದಿಂದಲೇ ಮೂರು ಸಂಗತಿ ಒಟ್ಟಿಗೆ ಹೇಳಿದರು: ಮಾತಾಡಲು ಒಬ್ಬರು, ಮನೆಗೆ ಬರಲು ಒಬ್ಬರು, ಹೋಗಲು ಒಂದು ಜಾಗ. ಮೊದಲನೆಯದು ಬೇಗ ಆಯಿತು, ಉಳಿದೆರಡು ಅಲ್ಲೂ ರಾಜ್ಯದಿಂದ ರಾಜ್ಯಕ್ಕೆ ಏರುಪೇರು. ಅಷ್ಟು ದುಡ್ಡಿದ್ದವರ ಕಥೆಯೇ ಹೀಗೆ. ನಮ್ಮಲ್ಲಿ ಮನೆಗೆ ಬರಲು ಬೇರೆ ವಾಹನ, ಬೇರೆ ತಂಡ ನಾಳೆಯೇ ಬೇಕು ಅಂತ ನಾನು ಹೇಳುವುದಿಲ್ಲ. ರಾಜ್ಯದಲ್ಲಿ 40 ಸಾವಿರಕ್ಕೂ ಹೆಚ್ಚು ಆಶಾ ಕಾರ್ಯಕರ್ತೆಯರಿದ್ದಾರೆ. ಮರುದಿನ ಬೆಳಿಗ್ಗೆ ಆ ಮನೆಗೆ ಹೋಗಿ ಮಾತಾಡಿಸಿಕೊಂಡು ಬರಬಲ್ಲವರು ಅವರು. ಆದರೆ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂರಬೇಕಾದವರ ತಲೆಗೆ ಇನ್ನೊಂದು ಬಿಟ್ಟಿ ಕೆಲಸ ಕಟ್ಟುವುದಾದರೆ ಆ ಮಾತೇ ಬೇಡ. ಭೇಟಿಗೆ ಇಂತಿಷ್ಟು ಅಂತ ಪ್ರೋತ್ಸಾಹಧನ ನಿಗದಿಯಾಗಬೇಕು. ಕರೆ ಮಾಡಿದವರ ಒಪ್ಪಿಗೆಯೂ ಇರಬೇಕು. ಅದೇ ಊರಿನ ಆಶಾ ಬೇಡ, ಪಕ್ಕದೂರಿನವರು ಬರಲಿ ಅನ್ನುವ ಆಯ್ಕೆಯೂ ಬೇಕು, ಯಾಕೆಂದರೆ ಹಳ್ಳಿಯಲ್ಲಿ ಗುಟ್ಟು ಅನ್ನುವುದು ಬಲು ದುಬಾರಿ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು ಇನ್ನೊಂದು. ಈ ಫೋನು ಹೆಚ್ಚಾಗಿ ಒಳಬರುವ ಕರೆಗೆ ಕಾಯುತ್ತಿದೆ. ಅದು ಹೊರಗೂ ಕರೆ ಮಾಡಬೇಕು. ಒಮ್ಮೆ ಪ್ರಯತ್ನಿಸಿ ಬದುಕುಳಿದವರು ಮತ್ತೆ ಪ್ರಯತ್ನಿಸುವ ಅಪಾಯ ಹೆಚ್ಚು, ಅದರಲ್ಲೂ ಆಸ್ಪತ್ರೆಯಿಂದ ಮನೆಗೆ ಹೋದ ಮೊದಲ ವಾರಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿದಂತೆ ಐದು ದೇಶಗಳ ಐದು ಕಡೆ ಒಂದು ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿತು. ಹೀಗೆ ಬದುಕುಳಿದು ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ 1,867 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆ ಸುಮಾರು ಒಂದು ಗಂಟೆಯ ಮಾತುಕತೆ, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಬಾರಿ ಫೋನಿನಲ್ಲೋ ಮನೆಗೆ ಹೋಗಿಯೋ ‘ಹೇಗಿದ್ದೀರಿ’ ಅಂತ ವಿಚಾರಣೆ. ಹದಿನೆಂಟು ತಿಂಗಳ ಕೊನೆಗೆ ಆತ್ಮಹತ್ಯೆಯಿಂದ ಸತ್ತವರು ಮೊದಲ ಗುಂಪಿನಲ್ಲಿ ಶೇ 2.2, ಎರಡನೆಯದರಲ್ಲಿ ಶೇ 0.2. ಆಮೇಲಿನ ಅಧ್ಯಯನಗಳಲ್ಲಿ ಎಲ್ಲ ಕಡೆ ಇಷ್ಟು ದೊಡ್ಡ ಫಲ ಸಿಕ್ಕಿಲ್ಲ ಅನ್ನುವುದನ್ನೂ ಹೇಳಬೇಕು. ಆದರೂ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಭರವಸೆ ಹುಟ್ಟಿಸಿದ ಉಪಾಯಗಳು ಈ ಕ್ಷೇತ್ರದಲ್ಲಿ ಕಡಿಮೆ. ಬೇಕಾದದ್ದು ಒಂದು ಫೋನು, ಕೇಳುವ ಕಿವಿ, ಮತ್ತೆ ಕರೆ ಮಾಡಬೇಕಾದ ದಿನ ಬರೆದಿಟ್ಟ ಒಂದು ಪಟ್ಟಿ. ಮೊದಲೆರಡು ಟೆಲಿ-ಮಾನಸ್ ಬಳಿ ಈಗಾಗಲೇ ಇವೆ. ಪಟ್ಟಿ ಜಿಲ್ಲಾಸ್ಪತ್ರೆಗಳಿಂದ ಬರಬೇಕು.

ಇದಕ್ಕೆ ಕೂತು ಕರೆ ಮಾಡುವವರು ಬೇಕಲ್ಲ, ಅವರ ವಿಷಯ ಬಂದಾಗ ಯೋಜನಾ ವರದಿಗಳು ಮೌನಿ. ಸಹಾಯವಾಣಿಯಲ್ಲಿ ಕೂತವರು ಒಂದು ಪಾಳಿಯಲ್ಲಿ ಏನೇನು ಕೇಳಿಸಿಕೊಳ್ಳುತ್ತಾರೆ ಊಹಿಸಿ: ಅಳುವ ತಾಯಿ, ಮಾತೇ ಆಡದೆ ಉಸಿರು ಮಾತ್ರ ಕೇಳಿಸುವ ಹುಡುಗ, ನಡುವೆ ಅಶ್ಲೀಲ ಮಾತಾಡಿ ನಗುವ ಪಡ್ಡೆಗಳು, ದಿನಾ ಒಂದೇ ಹೊತ್ತಿಗೆ ಕರೆ ಮಾಡುವ ಒಂಟಿ ಮುದುಕರು. ಕಲಬುರಗಿ ಕಡೆಯವರು ‘ಮನಸ್ಯಾಗ ಏನೋ ಕೆಟ್ಟ ಬರಾಕತ್ತೈತ್ರಿ’ ಅಂದಾಗ ಅದು ಬರೀ ಬೇಸರವೋ, ಸಾಯುವ ಯೋಚನೆಯೋ ಎಂದು ತಿಳಿಯಲು ಪುಸ್ತಕದ ಕನ್ನಡ ಸಾಲದು, ಆ ಸೀಮೆಯ ಕಿವಿ ಬೇಕು. ತುಳು, ಲಂಬಾಣಿ, ದಖನಿ ಉರ್ದು ಮನೆಮಾತಿನವರಿಗಂತೂ ಕನ್ನಡವೇ ಎರಡನೇ ಭಾಷೆ. ಸಂಕಟ ಬಾಯಿಗೆ ಬರುವುದು ಮೊದಲನೆಯದರಲ್ಲಿ. ಇಂಥ ಕೆಲಸಕ್ಕೆ ಬೇಕಾದದ್ದು ಅನುಭವಸ್ಥರು, ವಾರಕ್ಕೊಮ್ಮೆ ಅವರ ಮಾತನ್ನೇ ಕೇಳುವ ಹಿರಿಯರು, ಕಾಯಂ ನೌಕರಿ. ವರ್ಷ ವರ್ಷ ನವೀಕರಿಸುವ ಗುತ್ತಿಗೆಯಲ್ಲಿ ಅನುಭವ ನಿಲ್ಲುವುದಿಲ್ಲ, ಒಳ್ಳೆಯ ಸಂಬಳದ ಖಾಸಗಿ ಕೆಲಸಕ್ಕೆ ಜಾರುತ್ತದೆ.

ದುಡ್ಡಿನ ದಿಕ್ಕು ಇದಕ್ಕೆ ಉಲ್ಟಾ ಇದೆ. ರಾಷ್ಟ್ರೀಯ ಟೆಲಿ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಕೇಂದ್ರ 2023-24ರ ಬಜೆಟ್ಟಿನಲ್ಲಿ ಸುಮಾರು 134 ಕೋಟಿ ಇಟ್ಟಿತ್ತು, 2024-25ರಲ್ಲಿ 90 ಕೋಟಿ. ಕರೆಗಳು ಏರುತ್ತಿದ್ದ ವರ್ಷಗಳವು. ಮೊದಲ ವರ್ಷಗಳಲ್ಲಿ ಯಂತ್ರ, ಕಟ್ಟಡದ ಖರ್ಚಿತ್ತು, ಈಗ ಅದಿಲ್ಲ ಎಂಬ ಸಮಜಾಯಿಷಿಗೆ ಅರ್ಥವಿದೆ, ಒಪ್ಪುತ್ತೇನೆ. ಆದರೆ ಉಳಿದ ಹಣ ತಾಲ್ಲೂಕಿನ ಕಡೆ ತಿರುಗಬಹುದಿತ್ತು.

ಹೆಂಗಸರ ಮಾತು ಪ್ರತ್ಯೇಕ ಹೇಳಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21), ತಾವೇ ಬಳಸುವ ಮೊಬೈಲ್ ಇದೆ ಎಂದ ಮಹಿಳೆಯರು ದೇಶದಲ್ಲಿ ಶೇ 54 ಮಾತ್ರ. ಉಳಿದವರ ಫೋನು ಗಂಡನದು, ಮಗನದು. ಯಾರಿಂದ ಸಂಕಟವೋ ಅವರ ಫೋನಿನಲ್ಲೇ ಸಂಕಟ ಹೇಳಿಕೊಳ್ಳುವುದು ಹೇಗೆ? ಕರೆ ಮಾಡಿದ ನಂಬರ್ ಫೋನಿನಲ್ಲಿ ಉಳಿಯುತ್ತದೆ. ಹಾಗಾಗಿ ಆ್ಯಪ್, ವಿಡಿಯೊ ಎಂಬ ವಿಸ್ತರಣೆ ಈ ಅರ್ಧ ಜನಕ್ಕೆ ತಲುಪುವುದಿಲ್ಲ. ಇವರಿಗೆ ಅಂಗನವಾಡಿಯಲ್ಲೋ ಆಸ್ಪತ್ರೆಯಲ್ಲೋ ಬಾಗಿಲು ಮುಚ್ಚಿ ಮಾತಾಡಬಹುದಾದ ಒಂದು ಕೋಣೆ, ಅಲ್ಲೊಂದು ಫೋನು ಹೆಚ್ಚು ಉಪಯೋಗ.

ಪರೀಕ್ಷೆ ಫಲಿತಾಂಶದ ದಿನಗಳಲ್ಲಿ ಮಾತ್ರ 14416 ಎಲ್ಲ ಪತ್ರಿಕೆಗಳಲ್ಲೂ ಕಾಣಿಸಿಕೊಳ್ಳುತ್ತದೆ. ಒಳ್ಳೆಯದೇ. ಆದರೆ ಮಕ್ಕಳ ವಿಷಯದಲ್ಲಿ ಈಚೆಗೆ ಆಗಿರುವ ದೊಡ್ಡ ಕೆಲಸ ಬೇರೆ ಇಲಾಖೆಯದು ಅಂತ ನನ್ನ ಎಣಿಕೆ: 2024ರಲ್ಲಿ ಎಸ್‌ಎಸ್‌ಎಲ್‌ಸಿ, ದ್ವಿತೀಯ ಪಿಯುಗೆ ವರ್ಷಕ್ಕೆ ಮೂರು ಪರೀಕ್ಷೆ ತಂದದ್ದು. ಫೇಲಾದರೆ ವರ್ಷವೇ ಹೋಯಿತು ಅನ್ನುವ ಹಳೆಯ ಮಾತಿನ ಬಲ ಅಲ್ಲಿಗೆ ಅರ್ಧ ಕುಂದಿತು. ಮಾನಸಿಕ ಆರೋಗ್ಯದ ಕಡತದಲ್ಲಿ ಇದರ ಹೆಸರೇ ಇರುವುದಿಲ್ಲ.

ಕೊನೆಗೆ ಲೆಕ್ಕ. ಈಗ ಎದ್ದು ಕಾಣುವುದು ಇಷ್ಟು ಲಕ್ಷ ಕರೆ ಬಂತು ಎಂಬ ಸಾಲು. ಕರ್ನಾಟಕಕ್ಕೆ ಸಂಬಂಧಿಸಿ ಜನ ಕೇಳಬೇಕಾದ ಪ್ರಶ್ನೆಗಳು ಬೇರೆ: ಎರಡನೇ ಹಂತಕ್ಕೆ ಕಳಿಸಿದವರಲ್ಲಿ ಎಷ್ಟು ಮಂದಿ ತಾಲ್ಲೂಕಿನ ಮಂಗಳವಾರದ ಕ್ಲಿನಿಕ್ಕಿಗೆ ನಿಜಕ್ಕೂ ಬಂದರು? ಆ ಮಂಗಳವಾರ ಡಾಕ್ಟರು ಬಂದಿದ್ದರಾ? ರಾತ್ರಿ ಕರೆಗಳಲ್ಲಿ ಎಷ್ಟು ಎತ್ತುವ ಮೊದಲೇ ಕಡಿದುಹೋದವು? ಎಷ್ಟು ಮಂದಿಗೆ ವಾರದೊಳಗೆ ಮರುಕರೆ ಹೋಯಿತು? ಇವನ್ನು ಜಿಲ್ಲಾವಾರು ಕೊಟ್ಟರೆ ಎಲ್ಲಿ ಏನು ವಿಸ್ತರಿಸಬೇಕು ಎಂಬ ಚರ್ಚೆಗೆ ಅಂಕಿಯಾದರೂ ಸಿಗುತ್ತದೆ.

ಬದುಕುಳಿದವರ ಪಟ್ಟಿಯ ವಿಷಯಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಅದೇ 115ನೇ ಸೆಕ್ಷನ್ನಿನ ಎರಡನೇ ಉಪವಿಧಿ, ಯತ್ನಿಸಿದವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಟ್ಟು ಅದು ಮರುಕಳಿಸದಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ. 2018ರ ಮೇ ತಿಂಗಳಿಂದ ಅದು ಜಾರಿಯಲ್ಲಿದೆ. ಈಗ ಬೇಕಿರುವುದು ಬಿಡುಗಡೆ ಚೀಟಿ ಬರೆಯುವ ಹೊತ್ತಿಗೆ ರೋಗಿಯ ಒಪ್ಪಿಗೆ ಕೇಳಿ, ಹೆಸರು ಮತ್ತು ನಂಬರನ್ನು 14416ರ ರಾಜ್ಯ ಕೇಂದ್ರಕ್ಕೆ ತಲುಪಿಸಿ ಎಂದು ಎಲ್ಲ ಜಿಲ್ಲಾಸ್ಪತ್ರೆ, ವೈದ್ಯಕೀಯ ಕಾಲೇಜುಗಳಿಗೆ ಆರೋಗ್ಯ ಇಲಾಖೆಯ ಒಂದು ಸುತ್ತೋಲೆ.